ಕೈ ತಡೆದು ಕಲಿಸುವುದು: ಮೂರರಿಂದ ಆರು ವರ್ಷದ ಮಕ್ಕಳೊಂದಿಗೆ ಗೆರೆ, ಬಣ್ಣ, ಮಣ್ಣು

ಅಂಗನವಾಡಿಯ ಗೋಡೆಯ ಮೇಲೆ ಸಾಲಾಗಿ ಅಂಟಿಸಿದ ಇಪ್ಪತ್ತೈದು ಮಾವಿನಹಣ್ಣುಗಳ ಚಿತ್ರಗಳನ್ನು ನೀವು ಎಲ್ಲಿಯಾದರೂ ಕಂಡಿರುತ್ತೀರಿ. ಎಲ್ಲವೂ ಒಂದೇ ಗಾತ್ರ, ಎಲ್ಲಕ್ಕೂ ಒಂದೇ ಹಳದಿ, ತೊಟ್ಟಿನ ಪಕ್ಕದಲ್ಲಿ ಒಂದೇ ಹಸಿರು ಎಲೆ. ಗೆರೆ ಟೀಚರದ್ದು, ಒಳಗಿನ ಬಣ್ಣ ಮಾತ್ರ ಮಗುವಿನದ್ದು. ಮೇಲಧಿಕಾರಿಗಳು ಬರುವ ದಿನ ಹತ್ತಿರವಿದ್ದರೆ ಆ ಬಣ್ಣವೂ ಟೀಚರದ್ದೇ. ಗೋಡೆ ಚೆಂದ ಕಾಣುತ್ತದೆ ಎಂಬುದರಲ್ಲಿ ಅನುಮಾನವಿಲ್ಲ. ಆದರೆ ಆ ಇಪ್ಪತ್ತೈದರಲ್ಲಿ ಯಾವುದು ಯಾರದ್ದು ಎಂದು ಹಿಂದೆ ಬರೆದ ಹೆಸರು ನೋಡದೆ ಹೇಳಲು ಆಗದಿದ್ದರೆ, ಅಲ್ಲಿ ನಡೆದದ್ದು ಗೋಡೆಯ ಅಲಂಕಾರವೇ ಹೊರತು ಮಕ್ಕಳ ಕಲಿಕೆಯಲ್ಲ.

ಅಂಗನವಾಡಿ ಕಾರ್ಯಕರ್ತೆಯರು, ಶಿಶುವಿಹಾರದ ಶಿಕ್ಷಕಿಯರು ಮತ್ತು ಮನೆಯಲ್ಲಿ ಇದೇ ವಯಸ್ಸಿನ ಮಕ್ಕಳಿರುವ ತಂದೆತಾಯಿಯರು ಹೆಚ್ಚು ಖರ್ಚಿಲ್ಲದೆ, ಸುತ್ತಲೂ ಸಿಗುವ ವಸ್ತುಗಳಿಂದಲೇ ಕಲೆಯ ಚಟುವಟಿಕೆಗಳನ್ನು ಹೇಗೆ ನಡೆಸಬಹುದು ಎಂಬುದನ್ನು ಇಲ್ಲಿ ವಿವರಿಸಿದ್ದೇನೆ. ಇದರಲ್ಲಿ ದೊಡ್ಡವರ ಪಾಲಿನ ಕೆಲಸ ಎರಡೇ: ಮೊದಲೇ ಎಲ್ಲವನ್ನೂ ಸಿದ್ಧಪಡಿಸಿಡುವುದು, ಆಮೇಲೆ ತಮ್ಮ ಕೈಯನ್ನು ತಡೆದುಕೊಳ್ಳುವುದು. ಎರಡನೆಯದು ಮೊದಲನೆಯದಕ್ಕಿಂತ ಕಷ್ಟ.

ಇದು ಹೊರಗಿನಿಂದ ತಂದ ಹೊಸ ವಿಚಾರವೇನೂ ಅಲ್ಲ. ಶಿವರಾಮ ಕಾರಂತರು ಪುತ್ತೂರಿನ ಬಾಲವನದಲ್ಲಿ ಮಕ್ಕಳ ಶಿಕ್ಷಣದ ಪ್ರಯೋಗಗಳನ್ನು ನಡೆಸಿ ಹಲವು ದಶಕಗಳಾಗಿವೆ. 1975ರ ಅಕ್ಟೋಬರ್ 2ರಂದು ದೇಶದ 33 ಕಡೆ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಆರಂಭವಾದಾಗ ಅವುಗಳಲ್ಲಿ ನಮ್ಮ ಟಿ. ನರಸೀಪುರವೂ ಒಂದಾಗಿತ್ತು, ಮತ್ತು ಪೌಷ್ಟಿಕ ಆಹಾರದ ಜೊತೆಗೆ ಶಾಲಾಪೂರ್ವ ಶಿಕ್ಷಣವೂ ಅಂದಿನಿಂದಲೇ ಅಂಗನವಾಡಿಯ ಕೆಲಸವಾಗಿದೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಮೂರರಿಂದ ಎಂಟು ವರ್ಷದವರೆಗಿನ ಅವಧಿಯನ್ನು ಬುನಾದಿ ಹಂತವೆಂದು ಕರೆದು, ಅಲ್ಲಿ ಆಟ ಮತ್ತು ಚಟುವಟಿಕೆಗಳೇ ಕಲಿಕೆಯ ದಾರಿ ಎಂದು ಹೇಳಿತು. 2022ರಲ್ಲಿ ಬಂದ ಅದರ ಪಠ್ಯಕ್ರಮ ಚೌಕಟ್ಟಿನಲ್ಲಿ ಚಿತ್ರ, ಸಂಗೀತ, ಕುಣಿತಗಳಿಗೆ ದೇಹ, ಭಾಷೆ, ಬುದ್ಧಿಗಳ ಬೆಳವಣಿಗೆಯ ಸಾಲಿನಲ್ಲೇ ಸ್ಥಾನವಿದೆ. ಹೀಗೆ ಅನುಮತಿ ಎಂದೋ ಸಿಕ್ಕಿದೆ. ತೊಡಕು ಇರುವುದು ಬೆಳಗಿನ ಹತ್ತು ಗಂಟೆಗೆ ಚಾಪೆಯ ಮೇಲೆ ಏನು ಮಾಡಬೇಕು ಎಂಬಲ್ಲಿ.

ಮೊದಲು ಗೀಚನ್ನು ಓದಲು ಕಲಿಯಿರಿ

ಸಾಮಗ್ರಿ ಹೊಂದಿಸುವ ಮೊದಲು ಮಕ್ಕಳ ಗೆರೆಗಳನ್ನು ನೋಡುವ ಅಭ್ಯಾಸ ಬೇಕು. ಎರಡು ವರ್ಷದ ಮಗುವಿನ ಕೈಗೆ ಸೀಮೆಸುಣ್ಣ ಕೊಟ್ಟರೆ ಅದು ಭುಜದಿಂದ ಇಡೀ ತೋಳನ್ನು ಬೀಸಿ ಗೀಚುತ್ತದೆ, ಆದ್ದರಿಂದ ಗೆರೆಗಳು ಉದ್ದವಾಗಿ, ಕಮಾನಿನಂತೆ, ಸ್ಲೇಟಿನ ಹೊರಗೂ ಹೋಗುತ್ತವೆ. ದಿನ ಕಳೆದಂತೆ ಚಲನೆ ಮೊಣಕೈಗೆ, ಆಮೇಲೆ ಮಣಿಕಟ್ಟಿಗೆ, ಕೊನೆಗೆ ಬೆರಳುಗಳಿಗೆ ಇಳಿಯುತ್ತದೆ. ಉದ್ದ ಗೆರೆ ಸುರುಳಿಯಾಗುತ್ತದೆ, ಸುರುಳಿ ಒಂದು ದಿನ ಶುರುವಾದಲ್ಲಿಗೇ ಬಂದು ಮುಚ್ಚಿಕೊಳ್ಳುತ್ತದೆ. ಹಾಗೆ ಮುಚ್ಚಿದ ಮೊದಲ ಸೊನ್ನೆ ಸಣ್ಣ ಸಂಗತಿಯಲ್ಲ: ತನ್ನ ಕೈಯನ್ನು ತಾನು ಬೇಕೆಂದಲ್ಲಿ ನಿಲ್ಲಿಸಬಲ್ಲೆ ಎಂಬುದು ಮಗುವಿಗೆ ಅಂದು ತಿಳಿದಿದೆ.

ಸಾಮಾನ್ಯವಾಗಿ ಮೂರು ವರ್ಷದ ಹೊತ್ತಿಗೆ ಮಗು ನೋಡಿಕೊಂಡು ವೃತ್ತ ಬರೆಯುತ್ತದೆ, ನಾಲ್ಕರ ಹೊತ್ತಿಗೆ ಅಡ್ಡ ಗೆರೆ ಮತ್ತು ನೇರ ಗೆರೆ ಕೂಡುವ ಚಿಹ್ನೆ, ಐದರ ಆಸುಪಾಸಿನಲ್ಲಿ ಚೌಕ, ಅದರ ನಂತರ ತ್ರಿಕೋನ. ಓರೆ ಗೆರೆಗಳು ನೇರ ಗೆರೆಗಳಿಗಿಂತ ತಡವಾಗಿ ಒಲಿಯುತ್ತವೆ. ಇದು ಒಂದು ಅಂದಾಜು ಮಾತ್ರ. ಒಂದೇ ತಾಯಿಯ ಇಬ್ಬರು ಮಕ್ಕಳು ಆರು ತಿಂಗಳು ಹಿಂದೆ ಮುಂದೆ ಇರುವುದುಂಟು. ಈ ಅಂದಾಜಿನ ಉಪಯೋಗವೇನೆಂದರೆ, ಮೂರೂವರೆ ವರ್ಷದ ಮಗುವಿಗೆ ಮನೆಯ ಮಾಡಿನ ಚಿತ್ರವನ್ನು ನೋಡಿ ಬರೆಯಲು ಹೇಳಿ, ಅದು ಆಗದಿದ್ದಾಗ ‘ಇವನಿಗೆ ಗಮನವಿಲ್ಲ’ ಎನ್ನುವ ತಪ್ಪು ತಪ್ಪುತ್ತದೆ.

ಮೂರು, ನಾಲ್ಕು ವರ್ಷದ ನಡುವೆ ಮನುಷ್ಯರು ಬರುತ್ತಾರೆ. ಅವರಿಗೆ ದೊಡ್ಡ ತಲೆಯೊಂದಿರುತ್ತದೆ, ತಲೆಯಿಂದಲೇ ನೇರವಾಗಿ ಎರಡು ಕಾಲು ಇಳಿದಿರುತ್ತವೆ, ಹೊಟ್ಟೆಗೆ ಜಾಗವಿಲ್ಲ. ಕೆರೆಯಂಚಿನ ಗೊದಮೊಟ್ಟೆಯನ್ನು ನೆನಪಿಸುವ ಈ ಮನುಷ್ಯನನ್ನು ಬೇರೆ ಬೇರೆ ದೇಶಗಳ ಮಕ್ಕಳೂ ಬರೆಯುತ್ತಾರೆ. ‘ಹೊಟ್ಟೆ ಎಲ್ಲಿ, ಕೈ ಎಲ್ಲಿ’ ಎಂದು ತಿದ್ದಲು ಹೋಗಬೇಡಿ. ಮಗುವಿಗೆ ಹೊಟ್ಟೆ ಇರುವುದು ಗೊತ್ತಿದೆ. ಅದು ನೋಡಿದ್ದನ್ನು ನಕಲು ಮಾಡುತ್ತಿಲ್ಲ, ತನಗೆ ಮುಖ್ಯವೆನಿಸಿದ್ದನ್ನು ದಾಖಲಿಸುತ್ತಿದೆ. ಐದರ ಹೊತ್ತಿಗೆ ಹಾಳೆಯ ಕೆಳಗೆ ನೆಲದ ಗೆರೆ, ಮೇಲೆ ಆಕಾಶದ ಪಟ್ಟಿ ಬರುತ್ತವೆ, ಗೋಡೆಯಿದ್ದರೂ ಮನೆಯೊಳಗಿನ ಒಲೆ, ಅಜ್ಜಿ, ಬೆಕ್ಕು ಎಲ್ಲ ಕಾಣುತ್ತವೆ. ಈ ಹಂತಗಳನ್ನು 1947ರಷ್ಟು ಹಿಂದೆಯೇ ವಿವರವಾಗಿ ಗುರುತಿಸಿದ ವಿಕ್ಟರ್ ಲೋವೆನ್‌ಫೆಲ್ಡ್ ಎಂಬ ಕಲಾ ಶಿಕ್ಷಕರು, ಅಚ್ಚು ಹಾಕಿದ ಗೆರೆಯೊಳಗೆ ಬಣ್ಣ ತುಂಬಿಸುವ ಪುಸ್ತಕಗಳನ್ನು ಕಟುವಾಗಿ ವಿರೋಧಿಸಿದ್ದರು. ನಾನು ಅಷ್ಟು ಕಟುವಾಗಿರಲಾರೆ. ಮಳೆಗಾಲದ ಒಂದು ಮಧ್ಯಾಹ್ನ ಮಗು ಸುಮ್ಮನೆ ಕುಳಿತು ಬಣ್ಣ ತುಂಬಿದರೆ ನಷ್ಟವೇನಿಲ್ಲ. ಅದನ್ನೇ ವರ್ಷವಿಡೀ ಚಿತ್ರಕಲೆ ಎಂದು ಕರೆಯುವುದು ನಷ್ಟ.

ಜಾಗ ಮತ್ತು ಹೊತ್ತು

ಬೇರೆ ಕೋಣೆ ಬೇಕಿಲ್ಲ. ಕಿಟಕಿಯ ಬೆಳಕು ಬೀಳುವ ಒಂದು ಮೂಲೆ, ತೊಳೆಯಬಹುದಾದ ನೆಲ, ಹತ್ತಿರದಲ್ಲಿ ಒಂದು ಬಕೆಟ್ ನೀರು ಮತ್ತು ಎರಡು ಹಳೆಯ ಬಟ್ಟೆ ಇದ್ದರೆ ಸಾಕು. ಸಾಮಗ್ರಿಗಳನ್ನು ಬೀರುವಿನೊಳಗೆ ಬೀಗ ಹಾಕಿಡದೆ, ಮಕ್ಕಳ ಎದೆಯೆತ್ತರದಲ್ಲಿ, ಬಾಯಿ ಅಗಲವಿರುವ ಡಬ್ಬಿಗಳಲ್ಲಿ ಇಡಿ. ಪ್ರತಿ ಡಬ್ಬಿಯ ಮೇಲೂ ಒಳಗಿರುವ ವಸ್ತುವಿನ ಒಂದು ಚೂರನ್ನೇ ಅಂಟಿಸಿದರೆ ಓದು ಬಾರದ ಮಗುವೂ ತೆಗೆದು ಅಲ್ಲಿಯೇ ಮರಳಿ ಇಡುತ್ತದೆ. ಈ ತೆಗೆದಿಡುವ ಶಿಸ್ತು ಚಟುವಟಿಕೆಯ ಭಾಗವೇ. ಸಹಾಯಕಿ ಒಬ್ಬರೇ ಎಲ್ಲ ಒರೆಸುವಂತಾದರೆ ವಾರದೊಳಗೆ ಅವರೇ ಬಣ್ಣದ ಡಬ್ಬಿಗಳನ್ನು ಮೇಲಿನ ಗೂಡಿಗೆ ಸೇರಿಸುತ್ತಾರೆ, ಅದು ಅವರ ತಪ್ಪೂ ಅಲ್ಲ.

ಎಲ್ಲ ಮಕ್ಕಳನ್ನು ಒಟ್ಟಿಗೆ ಕೂರಿಸಬೇಡಿ. ಇಪ್ಪತ್ತು ಮಕ್ಕಳಿದ್ದರೆ ಐದು ಐದರಂತೆ ಗುಂಪು ಮಾಡಿ, ಒಂದು ಗುಂಪು ಬಣ್ಣದ ಮೂಲೆಯಲ್ಲಿರುವಾಗ ಉಳಿದವರು ಕಟ್ಟುವ ಆಟ, ಮರಳಿನಾಟ, ಕಥೆಗಳಲ್ಲಿರಲಿ. ಒಂದು ಗುಂಪಿಗೆ ಇಪ್ಪತ್ತು ನಿಮಿಷದಿಂದ ಅರ್ಧ ಗಂಟೆ ಸಾಕು, ಆದರೆ ಯಾರಾದರೂ ಮುಳುಗಿ ಕುಳಿತಿದ್ದರೆ ಎಬ್ಬಿಸಬೇಡಿ. ವಾರಕ್ಕೊಂದು ದಿನ ದೊಡ್ಡದಾಗಿ ಮಾಡುವುದಕ್ಕಿಂತ ದಿನವೂ ಸ್ವಲ್ಪ ಮಾಡುವುದು ಮೇಲು. ಒಂದೇ ಚಟುವಟಿಕೆಯನ್ನು ನಾಲ್ಕೈದು ದಿನ ಮುಂದುವರಿಸಿ: ಮೊದಲ ದಿನ ಮಗು ವಸ್ತುವನ್ನು ಮೂಸಿ, ಹಿಸುಕಿ, ಚೆಲ್ಲಿ ನೋಡುತ್ತದೆ, ಅದರಿಂದ ಏನು ಮಾಡಬಹುದು ಎಂಬ ಯೋಚನೆ ಹುಟ್ಟುವುದು ಮೂರನೆಯ ದಿನ.

ಏನೇನು ಬೇಕು, ಏನು ಬೇಡ

ಕಾಗದಕ್ಕೆ ಹಳೆಯ ಕ್ಯಾಲೆಂಡರಿನ ಹಿಂಬದಿ, ಮದುವೆಯ ಕರೆಯೋಲೆ, ಅಂಗಡಿಯ ರಟ್ಟಿನ ಪೆಟ್ಟಿಗೆ ಎಲ್ಲವೂ ಆಗುತ್ತವೆ. ಹಾಳೆ ದೊಡ್ಡದಿರಲಿ, ಏಕೆಂದರೆ ಭುಜದಿಂದ ಗೀಚುವ ಮಗುವಿಗೆ ನೋಟ್‌ಬುಕ್ಕಿನ ಪುಟ ಸಾಲದು. ಕಾಗದವೇ ಇಲ್ಲದಿದ್ದರೂ ಅಂಗಳದ ಕಲ್ಲುಚಪ್ಪಡಿಯ ಮೇಲೆ ಒದ್ದೆ ಬಟ್ಟೆಯಿಂದ ನೀರಿನ ಚಿತ್ರ ಬರೆಯಬಹುದು. ಬಿಸಿಲಿಗೆ ಅದು ಮಾಯವಾಗುವುದನ್ನು ನೋಡುವುದೂ ಒಂದು ಪಾಠ. ಕ್ರೇಯಾನುಗಳನ್ನು ಒಂದಂಗುಲದ ತುಂಡುಗಳಾಗಿ ಮುರಿದು ಕೊಡಿ. ಉದ್ದ ಕ್ರೇಯಾನನ್ನು ಮುಷ್ಟಿಯಲ್ಲಿ ಹಿಡಿಯುವ ಮಗು ತುಂಡನ್ನು ಬೆರಳ ತುದಿಯಲ್ಲಿ ಹಿಡಿಯಲೇಬೇಕಾಗುತ್ತದೆ, ಮುಂದೆ ಪೆನ್ಸಿಲು ಹಿಡಿಯುವ ಹಿಡಿತ ಅಲ್ಲಿಂದಲೇ ಬರುತ್ತದೆ. ಹೊಸ ಡಬ್ಬಿಯ ಕ್ರೇಯಾನು ಮುರಿಯಲು ದೊಡ್ಡವರ ಮನಸ್ಸು ಒಪ್ಪುವುದಿಲ್ಲ, ಆದರೂ ಮುರಿಯಿರಿ.

ಕುಂಚಕ್ಕೆ ಬೇವಿನ ಕಡ್ಡಿಯ ತುದಿ ಜಜ್ಜಿದರೆ ಸಾಕು. ಅಡಿಕೆ ಸಿಪ್ಪೆ, ತೆಂಗಿನ ನಾರಿನ ಜುಟ್ಟು, ಕಡ್ಡಿಗೆ ಸುತ್ತಿದ ಹತ್ತಿ ಇವೂ ಆಗುತ್ತವೆ, ಒಂದೊಂದೂ ಒಂದೊಂದು ಬಗೆಯ ಗೆರೆ ಕೊಡುತ್ತದೆ. ಮಲೆನಾಡಿನ ದೀವರ ಹೆಣ್ಣುಮಕ್ಕಳು ಕೆಮ್ಮಣ್ಣು ಬಳಿದ ಗೋಡೆಯ ಮೇಲೆ ಅಕ್ಕಿಹಿಟ್ಟಿನ ಬಿಳಿಯಿಂದ ಹಸೆ ಚಿತ್ತಾರ ಬರೆಯುವುದು ಪುಂಡಿ ನಾರಿನ ಕುಂಚದಿಂದಲೇ. ಬಣ್ಣಕ್ಕೆ ಕೆಮ್ಮಣ್ಣು, ಇದ್ದಿಲು, ಅರಿಸಿನ, ಬೀಟ್‌ರೂಟ್ ಸಿಪ್ಪೆ ಕುದಿಸಿದ ನೀರು, ಶಂಖಪುಷ್ಪದ ನೀಲಿ ಇವೆ. ಮಣ್ಣನ್ನೂ ಇದ್ದಿಲನ್ನೂ ನುಣ್ಣಗೆ ಅರೆದು, ಬಟ್ಟೆಯಲ್ಲಿ ಸೋಸಿ, ತೆಳು ಗಂಜಿಯಲ್ಲಿ ಕಲಸಿದರೆ ಕಾಗದಕ್ಕೆ ಹಿಡಿಯುತ್ತದೆ. ಬೆರಳಿನಿಂದ ಬಳಿಯುವ ಬಣ್ಣಕ್ಕೆ ಎರಡು ಚಮಚ ಮೈದಾವನ್ನು ಒಂದು ಲೋಟ ನೀರಿನಲ್ಲಿ ಗಂಟಿಲ್ಲದಂತೆ ಕದಡಿ, ಮಂದವಾಗುವವರೆಗೆ ಕಾಯಿಸಿ, ಆರಿದ ಮೇಲೆ ಬಣ್ಣ ಬೆರೆಸಿ.

ಆದರೆ ಉಪ್ಪು, ಮೈದಾ ಬೆರೆಸಿದ ಆಟದ ಹಿಟ್ಟನ್ನು ಸೇರುಗಟ್ಟಲೆ ಕಲಸುವುದು, ಅಕ್ಕಿ ಬೇಳೆಗಳನ್ನು ಹಾಳೆಗೆ ಅಂಟಿಸುವುದು ನನಗೆ ಸರಿಕಾಣುವುದಿಲ್ಲ. ಮಧ್ಯಾಹ್ನದ ಊಟಕ್ಕಾಗಿಯೇ ಬರುವ ಮಗುವಿನ ಕಣ್ಣೆದುರು ಅನ್ನವನ್ನು ಆಟದ ವಸ್ತುವಾಗಿಸಬಾರದು. ಹಿಸುಕಲು ಊರಿನ ಕೆರೆಯ ಮಣ್ಣಿದೆ. ಅಚ್ಚು ಒತ್ತುವುದಕ್ಕೂ ಅಡುಗೆಗೆ ಹೆಚ್ಚಿದ ಮೇಲೆ ಉಳಿದ ಬೆಂಡೆಕಾಯಿಯ ತೊಟ್ಟು, ಈರುಳ್ಳಿಯ ಬುಡ, ಬಾಳೆದಿಂಡಿನ ಹೊರ ಪದರ ಸಾಕು.

ಬೇಡದವುಗಳನ್ನು ಹೇಳದೆ ಮುಂದೆ ಹೋಗುವಂತಿಲ್ಲ. ಗುಲಗಂಜಿ ನೋಡಲು ಎಷ್ಟು ಚೆಂದವೋ ಅಷ್ಟೇ ವಿಷ, ಹರಳು ಬೀಜವೂ ಹಾಗೆಯೇ. ಇವೆರಡೂ ಮಕ್ಕಳ ಕೈಗೆ ಸಿಗಲೇಬಾರದು. ಎಲೆ ಹೂ ಆಯಲು ಹೊರಗೆ ಹೋದಾಗ ಎಕ್ಕ, ಕಳ್ಳಿ, ಕಣಗಿಲೆ, ಉಮ್ಮತ್ತಿ ಗಿಡಗಳನ್ನು ಮೊದಲೇ ತೋರಿಸಿ ‘ಇವುಗಳನ್ನು ಮುಟ್ಟುವುದಿಲ್ಲ’ ಎಂದು ಹೇಳಿ. ಎಕ್ಕ, ಕಳ್ಳಿಗಳ ಹಾಲು ಕಣ್ಣಿಗೆ ತಾಗಿದರೆ ಗಂಭೀರ ಹಾನಿಯಾಗುತ್ತದೆ. ಹುಣಸೆ ಬೀಜ, ಮಣಿ, ಗುಂಡಿಗಳು ಮೂಗು, ಕಿವಿ, ಗಂಟಲು ಸೇರುವ ಅಪಾಯವಿರುವುದರಿಂದ ಮೂರು ವರ್ಷದೊಳಗಿನವರಿರುವ ಗುಂಪಿನಲ್ಲಿ ಬೇಡ. ಅದಕ್ಕಿಂತ ದೊಡ್ಡ ಮಕ್ಕಳಿಗೆ ಕೊಡುವಾಗಲೂ ಎಣಿಸಿ ಕೊಟ್ಟು ಎಣಿಸಿ ಹಿಂಪಡೆಯಿರಿ, ಎಣಿಕೆಯ ಪಾಠವೂ ಆಗುತ್ತದೆ. ಹಬ್ಬದ ಓಕುಳಿ ಪುಡಿ, ರಂಗೋಲಿಯ ಮಿಂಚು ಬಣ್ಣ, ಗೋಡೆಗೆ ಬಳಿದು ಉಳಿದ ಪೇಂಟು ಯಾವುದನ್ನೂ ಬಳಸಬೇಡಿ. ಈ ವಯಸ್ಸಿನಲ್ಲಿ ಕೈಗೆ ಹತ್ತಿದ್ದು ಬಾಯಿಗೆ ಹೋಗುತ್ತದೆ.

ಅರಿಸಿನ ಕಾಗದ

ಒಂದೇ ಒಂದು ಚಟುವಟಿಕೆಯನ್ನು ಆರಿಸು ಎಂದರೆ ನಾನು ಇದನ್ನು ಆರಿಸುತ್ತೇನೆ. ಕಾಲು ಲೋಟ ಬೆಚ್ಚಗಿನ ನೀರಿಗೆ ಒಂದು ಚಹಾ ಚಮಚ ಅಡುಗೆ ಅರಿಸಿನ ಹಾಕಿ ಕದಡಿ. ಅರಿಸಿನ ಪೂರ್ತಿ ಕರಗುವುದಿಲ್ಲ, ತಳದಲ್ಲಿ ಕೂರುತ್ತದೆ, ಆದ್ದರಿಂದ ಆಗಾಗ ಕದಡುತ್ತಿರಬೇಕು. ಈ ಕೆಲಸವನ್ನು ಸರದಿಯಂತೆ ಮಕ್ಕಳಿಗೇ ಕೊಡಿ. ಹೊಳಪಿಲ್ಲದ, ಸ್ವಲ್ಪ ಒರಟಾದ ಬಿಳಿ ಕಾಗದಕ್ಕೆ ಮಕ್ಕಳು ಇದನ್ನು ಎರಡು ಸಲ ಬಳಿದು ನೆರಳಿನಲ್ಲಿ ಒಣಹಾಕಲಿ. ಅಂದಿನ ಕೆಲಸ ಅಲ್ಲಿಗೆ ಮುಗಿಯಿತು.

ಮರುದಿನ ಸ್ನಾನದ ಸೋಪನ್ನು ಸ್ವಲ್ಪ ನೀರಿನಲ್ಲಿ ಉಜ್ಜಿ ಬಟ್ಟಲಲ್ಲಿಡಿ, ಹತ್ತಿ ಸುತ್ತಿದ ಕಡ್ಡಿ ಕೊಡಿ. ಏನಾಗುತ್ತದೆ ಎಂದು ಮುಂಚೆ ಹೇಳಬೇಡಿ. ಮಗು ಹಳದಿ ಕಾಗದದ ಮೇಲೆ ಕಡ್ಡಿ ಎಳೆದೊಡನೆ ಗೆರೆ ಕೆಂಪಾಗುತ್ತದೆ. ಬಟ್ಟಲಲ್ಲಿ ಕೆಂಪಿಲ್ಲ, ಕಾಗದದಲ್ಲಿಯೂ ಇರಲಿಲ್ಲ. ಆ ಕ್ಷಣದ ಗಲಾಟೆಯನ್ನು ತಡೆಯಲು ಹೋಗಬೇಡಿ. ‘ಹೇಗೆ ಬಂತು?’ ಎಂದು ಕೇಳಿ, ಬಂದ ಉತ್ತರಗಳನ್ನೆಲ್ಲ ಗಂಭೀರವಾಗಿ ಕೇಳಿಸಿಕೊಳ್ಳಿ. ಕಡ್ಡಿಯೊಳಗೆ ಬಣ್ಣ ಅಡಗಿತ್ತು ಎಂದು ಒಬ್ಬರು ಹೇಳಿದರೆ, ‘ಹಾಗಾದರೆ ಬಿಳಿ ಕಾಗದದ ಮೇಲೂ ಅದೇ ಕಡ್ಡಿಯಿಂದ ಬರೆದು ನೋಡೋಣವೇ?’ ಎನ್ನಿ. ಅಲ್ಲಿ ಕೆಂಪು ಬರುವುದಿಲ್ಲ. ಈಗ ಇನ್ನೊಂದು ಊಹೆ ಬೇಕು. ಐದು ವರ್ಷದ ಮಗು ಊಹಿಸಿ, ಪರೀಕ್ಷಿಸಿ, ಊಹೆ ಬದಲಿಸಿದ್ದು ಹೀಗೆ, ಪುಸ್ತಕವಿಲ್ಲದೆ.

ಮೂರನೆಯ ದಿನ ನಿಂಬೆರಸ ಅಥವಾ ಹುಣಸೆ ನೀರು ಕೊಡಿ. ಕೆಂಪು ಗೆರೆಯ ಮೇಲೆ ಅದನ್ನು ಎಳೆದರೆ ಮತ್ತೆ ಹಳದಿ. ಈಗ ಮಕ್ಕಳ ಬಳಿ ಬರೆಯುವ ನೀರೂ ಇದೆ, ಅಳಿಸುವ ನೀರೂ ಇದೆ, ಅವರ ಚಿತ್ರಗಳು ಅಲ್ಲಿಂದ ಬದಲಾಗುತ್ತವೆ: ಹಾವು ಬರೆದು ಅದರ ಬಾಲ ಅಳಿಸುವವರು, ಮಳೆ ಸುರಿಸಿ ನಿಲ್ಲಿಸುವವರು, ಬರೀ ಅಳಿಸುತ್ತಲೇ ಕೂರುವವರು. ಸೋಪು ಕ್ಷಾರ, ನಿಂಬೆ ಆಮ್ಲ ಎಂಬ ಮಾತು ಈಗ ಬೇಡ, ಅದಕ್ಕೆ ಇನ್ನೂ ಏಳೆಂಟು ವರ್ಷವಿದೆ. ಮನೆಯಲ್ಲಿ ಸಾರಿನ ಕಲೆ ಬಿದ್ದ ಅಂಗಿಗೆ ಸೋಪು ಹಚ್ಚಿದಾಗ ಏನಾಗುತ್ತದೆಂದು ಅಮ್ಮನನ್ನು ಕೇಳಿ ಬರಲು ಹೇಳಿ. ಆರತಿ ತಟ್ಟೆಯ ಕೆಂಪು ನೀರನ್ನು ಅಜ್ಜಿ ಅರಿಸಿನಕ್ಕೆ ಸುಣ್ಣ ಹಾಕಿಯೇ ಮಾಡುವುದು ಎಂದು ಯಾರಾದರೂ ತಿಳಿದು ಬಂದರೆ ಅಂದಿನ ಪಾಠ ಆ ಮಗುವಿನದ್ದೇ. ಆದರೆ ಸುಣ್ಣವನ್ನು ಮಕ್ಕಳ ಕೈಗೆ ಕೊಡಬೇಡಿ, ಚರ್ಮವನ್ನೂ ಕಣ್ಣನ್ನೂ ಅದು ಸುಡುತ್ತದೆ.

ಒಂದು ಅರಿಸಿನ ಕಾಗದವನ್ನು ಬಿಸಿಲಿನಲ್ಲಿ, ಅರ್ಧಕ್ಕೆ ರಟ್ಟು ಮುಚ್ಚಿ, ಎರಡು ದಿನ ಇಡಿ. ಮುಚ್ಚದ ಭಾಗ ಮಂಕಾಗುತ್ತದೆ. ಕೆಂಪು ದಾಸವಾಳದ ಎಸಳನ್ನು ಕಾಗದಕ್ಕೆ ಉಜ್ಜಿದರೆ ಬರುವ ನೇರಳೆ ಛಾಯೆಗೂ ನಿಂಬೆರಸ ಹಚ್ಚಿ ನೋಡಬಹುದು, ಅದು ಗುಲಾಬಿಗೆ ತಿರುಗುತ್ತದೆ. ಅರಿಸಿನಕ್ಕೆ ಒಂದು ಬಗೆ, ದಾಸವಾಳಕ್ಕೆ ಇನ್ನೊಂದು ಬಗೆ. ಮುಂದೇನು ಹಚ್ಚಿ ನೋಡಬೇಕೆಂದು ಮಕ್ಕಳೇ ಹೇಳಲು ತೊಡಗುತ್ತಾರೆ.

ಮಣ್ಣು

ಜೇಡಿಮಣ್ಣನ್ನು ಒಣಗಿಸಿ ಪುಡಿ ಮಾಡಿ, ಜರಡಿ ಹಿಡಿದು ಕಲ್ಲು, ಗಾಜಿನ ಚೂರು ತೆಗೆದು, ರಾತ್ರಿ ನೆನೆಹಾಕಿ, ಬೆಳಿಗ್ಗೆ ಚಪಾತಿ ಹಿಟ್ಟಿನ ಹದಕ್ಕೆ ನಾದಿ. ಒದ್ದೆ ಗೋಣಿಯಲ್ಲಿ ಸುತ್ತಿಟ್ಟರೆ ವಾರಗಟ್ಟಲೆ ಹದವಾಗಿರುತ್ತದೆ. ಪ್ರತಿ ಮಗುವಿಗೂ ಮೂಸಂಬಿ ಗಾತ್ರದ ಉಂಡೆ ಕೊಡಿ. ನೆಲ್ಲಿಕಾಯಿಯಷ್ಟು ಕೊಟ್ಟರೆ ಬೆರಳ ತುದಿ ಮಾತ್ರ ಕೆಲಸ ಮಾಡುತ್ತದೆ, ದೊಡ್ಡ ಉಂಡೆಗೆ ಅಂಗೈ, ಮಣಿಕಟ್ಟು, ತೋಳು ಎಲ್ಲವೂ ಬೇಕು. ಮಗು ಮೊದಲು ಬಡಿಯುತ್ತದೆ, ಆಮೇಲೆ ಹೊಸೆದು ಹಾವು ಮಾಡುತ್ತದೆ, ಉರುಟಿ ಲಾಡು ಮಾಡುತ್ತದೆ, ಹಾವು ಲಾಡುಗಳನ್ನು ಸೇರಿಸಲು ಕಲಿತ ಮೇಲೆ ಪ್ರಾಣಿ, ಮನುಷ್ಯರು ಬರುತ್ತಾರೆ. ಕಾಲು ಕಳಚಿ ಬೀಳುತ್ತಿದ್ದರೆ ನೀವು ಅಂಟಿಸಿಕೊಡಬೇಡಿ, ಸೇರುವ ಎರಡೂ ಕಡೆ ಕಡ್ಡಿಯಿಂದ ಗೀರಿ ನೀರು ಹಚ್ಚುವುದನ್ನು ಬೇರೆ ಉಂಡೆಯಲ್ಲಿ ತೋರಿಸಿ. ಉಪಾಯ ತೋರಿಸುವುದು ಪಾಠ, ಮಗುವಿನ ಎತ್ತಿಗೆ ನಿಮ್ಮ ಕೈಯಿಂದ ಕಾಲು ಜೋಡಿಸುವುದು ಅದರ ಎತ್ತನ್ನು ಕಸಿದುಕೊಂಡಂತೆ.

ಎತ್ತು ಎಂದೆ. ಉತ್ತರ ಕರ್ನಾಟಕದಲ್ಲಿ ಇದಕ್ಕೆ ಕಾರಣ ಹುಡುಕಬೇಕಿಲ್ಲ, ಮಣ್ಣೆತ್ತಿನ ಅಮಾವಾಸ್ಯೆಯಲ್ಲಿ ಮನೆಮನೆಯಲ್ಲಿ ಎತ್ತು ಮಾಡುತ್ತಾರೆ. ಆ ವಾರ ಅಜ್ಜನೊಬ್ಬರನ್ನು ಅಥವಾ ಕುಂಬಾರರೊಬ್ಬರನ್ನು ಕರೆಸಿ ಮಕ್ಕಳ ಪಕ್ಕದಲ್ಲಿ ಕೂತು ಎತ್ತು ಮಾಡಲು ಹೇಳಿ. ಎದುರಿಗೆ ನಿಂತು ಕಲಿಸುವುದು ಬೇಡ, ಅವರು ತಮ್ಮಷ್ಟಕ್ಕೆ ತಾವು ಮಾಡಲಿ. ನುರಿತ ಕೈ ಮಣ್ಣನ್ನು ಹೇಗೆ ಒತ್ತುತ್ತದೆ ಎಂಬುದನ್ನು ಮಕ್ಕಳು ಓರೆಗಣ್ಣಿನಲ್ಲಿ ನೋಡಿಕೊಳ್ಳುತ್ತಾರೆ. ಮಾಡಿದ್ದನ್ನು ನೆರಳಿನಲ್ಲಿ ನಿಧಾನ ಒಣಗಿಸಿ, ಬಿಸಿಲಿಗಿಟ್ಟರೆ ಬಿರುಕು ಬಿಡುತ್ತದೆ. ಬಿರುಕು ಬಿಟ್ಟದ್ದನ್ನು ಮತ್ತೆ ನೆನೆಹಾಕಿ ನಾದಬಹುದು ಎಂಬುದು ಮಣ್ಣಿನ ದೊಡ್ಡ ಗುಣ.

ಕೆಸರು ಮುಟ್ಟಲು ಹೇಸುವ ಮಕ್ಕಳೂ ಇರುತ್ತಾರೆ. ಒತ್ತಾಯ ಬೇಡ. ಕಡ್ಡಿಯಿಂದ ಚುಚ್ಚಲು, ಪ್ಲಾಸ್ಟಿಕ್ ಚೀಲದೊಳಗಿನ ಮಣ್ಣನ್ನು ಹೊರಗಿನಿಂದ ಒತ್ತಲು ಕೊಡಿ, ಪಕ್ಕದಲ್ಲಿ ಕೈ ತೊಳೆಯುವ ನೀರು ಸದಾ ಇರಲಿ. ಕಣ್ಣು ಕಾಣದ ಅಥವಾ ಮಾತು ತಡವಾದ ಮಗು ಗುಂಪಿನಲ್ಲಿದ್ದರೆ ಎಲ್ಲರೊಡನೆ ಸಮನಾಗಿ ಕೂರಬಲ್ಲ ಜಾಗ ಈ ಮಣ್ಣಿನ ಮೂಲೆಯೇ ಎಂಬುದು ನನ್ನ ಅನಿಸಿಕೆ.

ಬಾಯಿಯನ್ನೂ ತಡೆಯಬೇಕು

ಮಗು ಹಾಳೆ ತಂದು ತೋರಿಸಿದೊಡನೆ ನಮ್ಮ ಬಾಯಿಗೆ ಬರುವ ಮಾತುಗಳು ಎರಡು: ‘ಏನು ಪುಟ್ಟ ಇದು?’ ಮತ್ತು ‘ವೆರಿ ಗುಡ್’. ಮೊದಲನೆಯದು ಗೀಚಿಗೊಂದು ಹೆಸರು ಕೊಡಲೇಬೇಕೆಂದು ಒತ್ತಾಯಿಸುತ್ತದೆ. ಮಗು ಮುಖ ನೋಡಿ ‘ಆನೆ’ ಎಂದುಬಿಡುತ್ತದೆ, ಮರುಗಳಿಗೆ ಅದೇ ‘ಬಸ್ಸು’. ಎರಡನೆಯದು ಎಲ್ಲರಿಗೂ ಒಂದೇ ಆಗಿರುವುದರಿಂದ ಯಾರಿಗೂ ಏನನ್ನೂ ಹೇಳುವುದಿಲ್ಲ. ಬದಲಾಗಿ ಕಣ್ಣಿಗೆ ಕಂಡದ್ದನ್ನು ಹೇಳಿ: ‘ಈ ಮೂಲೆಯಿಂದ ಆ ಮೂಲೆಯವರೆಗೂ ಗೆರೆ ಎಳೆದಿದ್ದೀಯ’, ‘ಇಲ್ಲಿ ಕಪ್ಪು ಬಣ್ಣ ಜೋರಾಗಿ ಒತ್ತಿದ್ದೀಯ, ಇಲ್ಲಿ ಮೆಲ್ಲಗೆ’. ಆಮೇಲೆ ‘ಇದರ ಬಗ್ಗೆ ಹೇಳ್ತೀಯಾ?’ ಎಂದು ಕೇಳಿ ಸುಮ್ಮನಿರಿ. ಹೇಳಿದರೆ ಮಗುವಿನ ಮಾತನ್ನೇ, ಅದರ ಆಡುನುಡಿಯಲ್ಲೇ, ಹಾಳೆಯ ಅಂಚಿನಲ್ಲಿ ಅದರ ಕಣ್ಣೆದುರು ಬರೆಯಿರಿ. ತಾನು ಆಡಿದ ಮಾತು ಗೆರೆಗಳಾಗಿ ಹಾಳೆಯ ಮೇಲೆ ಕೂರುವುದನ್ನೂ, ನೀವು ಮರುದಿನ ಅದನ್ನು ಓದಿದಾಗ ಅದೇ ಮಾತು ಹೊರಬರುವುದನ್ನೂ ಕಂಡ ಮಗುವಿಗೆ ಓದು ಬರಹ ಎಂದರೇನು ಎಂಬುದು ತಿಳಿಯುತ್ತದೆ. ಮನೆಯಲ್ಲಿ ತುಳು, ಕೊಂಕಣಿ, ಉರ್ದು, ಲಂಬಾಣಿ ಆಡುವ ಮಗುವಾದರೆ ಆ ಮಾತನ್ನೇ ಕನ್ನಡ ಲಿಪಿಯಲ್ಲಿ ಬರೆಯಿರಿ.

ಆಕಾಶಕ್ಕೆ ಕೆಂಪು, ನಾಯಿಗೆ ಹಸಿರು ಹಚ್ಚಿದರೆ ತಿದ್ದಬೇಡಿ. ಎಡಗೈಯಲ್ಲಿ ಬರೆಯುತ್ತಿದ್ದರೆ ಬಲಗೈಗೆ ಬದಲಿಸಬೇಡಿ. ಚಿತ್ರಗಳಿಗೆ ಮೊದಲ ಬಹುಮಾನ, ಎರಡನೆಯ ಬಹುಮಾನ ಬೇಡವೇ ಬೇಡ.

‘ಅಕ್ಷರ ಯಾವಾಗ ಬರೆಸ್ತೀರಿ?’

ತಿಂಗಳೊಳಗೆ ತಾಯಂದಿರು ಈ ಪ್ರಶ್ನೆ ಕೇಳುತ್ತಾರೆ, ಪಕ್ಕದ ಕಾನ್ವೆಂಟಿನ ಮಗು ಎ ಬಿ ಸಿ ಡಿ ಬರೆಯುತ್ತಿರುವಾಗ ಕೇಳುವುದು ಸಹಜವೂ ಹೌದು. ಅವರಿಗೆ ಸಿದ್ಧಾಂತ ಹೇಳಬೇಡಿ, ಮಗುವಿನ ಹಾಳೆಗಳನ್ನು ತೋರಿಸಿ. ಕನ್ನಡದ ಅಕ್ಷರಗಳು ಬಹುಪಾಲು ದುಂಡು. ಗೆರೆಯನ್ನು ಸುತ್ತಿ ಶುರುವಾದಲ್ಲಿಗೇ ತಂದು ಮುಚ್ಚಲು ಬಾರದ ಕೈಗೆ ‘ಠ’ ಬರೆಯಲಾಗದು. ಸುತ್ತಿಗೆ ತಲೆಕಟ್ಟು ಸೇರಿಸಬಲ್ಲ ಕೈಗೆ ‘ರ’ ಹತ್ತಿರವಿದೆ. ಕಮಾನಿನಂತೆ ಬಗ್ಗಿಸಿ ಇಳಿಸಬಲ್ಲ ಕೈಗೆ ‘ಗ’. ಜೂನ್ ತಿಂಗಳ ಗೀಚು, ಸೆಪ್ಟೆಂಬರಿನ ಸುರುಳಿ, ಡಿಸೆಂಬರಿನ ಮುಚ್ಚಿದ ಸೊನ್ನೆ ಈ ಮೂರನ್ನೂ ಪಕ್ಕಪಕ್ಕದಲ್ಲಿಟ್ಟರೆ ಕೈ ಎಲ್ಲಿಂದ ಎಲ್ಲಿಗೆ ಬಂದಿದೆ ಎಂಬುದು ಯಾವ ತಾಯಿಗೂ ಕಾಣುತ್ತದೆ. ಬಾಗಿಲ ಮುಂದೆ ಚುಕ್ಕಿ ಇಟ್ಟು, ಎಳೆ ಎಳೆದು, ಸುತ್ತಿ ಸೇರಿಸಿ ರಂಗೋಲಿ ಹಾಕುವ ಹೆಂಗಸರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಅವರನ್ನೇ ಒಂದು ದಿನ ಕರೆದು ಅಂಗಳದಲ್ಲಿ ಮಕ್ಕಳ ಜೊತೆ ರಂಗೋಲಿ ಪುಡಿಯಲ್ಲಿ ಕೂರಿಸಿ.

ಇದಕ್ಕಾಗಿ ಪ್ರತಿ ಮಗುವಿಗೂ ಒಂದು ರಟ್ಟಿನ ಕಡತ ಬೇಕು. ಎಲ್ಲ ಹಾಳೆಗಳನ್ನು ಇಡಲಾಗದು. ತಿಂಗಳಿಗೆ ಎರಡು ಸಾಕು, ಅದರಲ್ಲಿ ಒಂದನ್ನು ಮಗುವೇ ಆರಿಸಲಿ. ಹಿಂಬದಿಯಲ್ಲಿ ಹೆಸರು, ತಾರೀಖು, ಮಗು ಹೇಳಿದ ಮಾತು ಇರಲಿ. ಮಣ್ಣಿನ ಕೆಲಸವನ್ನು ಫೋನಿನಲ್ಲಿ ಫೋಟೋ ತೆಗೆದಿಡಿ. ಗೋಡೆಗೆ ಅಂಟಿಸುವಾಗ ಮಕ್ಕಳ ಕಣ್ಣಿನ ಎತ್ತರದಲ್ಲಿ ಅಂಟಿಸಿ, ನಿಮ್ಮ ಕಣ್ಣಿನ ಎತ್ತರದಲ್ಲಲ್ಲ.

ನೀವೇ ಬರೆದುಕೊಡಿ ಎಂದಾಗ

ನಿಮ್ಮ ಕೈಗೆ ನಿಜವಾದ ಪರೀಕ್ಷೆ ಎದುರಾಗುವುದು ಐದು ವರ್ಷದ ಮಗುವೊಂದು ಹಾಳೆ ಚಾಚಿ ‘ಟೀಚರ್, ನಂಗೆ ಬರಲ್ಲ, ನೀವೇ ಆನೆ ಬರ್ದು ಕೊಡಿ’ ಎಂದಾಗ. ಬರೆದುಕೊಟ್ಟರೆ ಮಗು ನಿಮ್ಮ ಆನೆಯನ್ನು ಮೆಚ್ಚುತ್ತದೆ, ತನ್ನದನ್ನು ಇನ್ನು ಬರೆಯುವುದಿಲ್ಲ. ‘ಬರುತ್ತೆ, ಬರಿ’ ಎಂದು ದಬಾಯಿಸಿದರೂ ಪ್ರಯೋಜನವಿಲ್ಲ. ಆನೆಯನ್ನು ಎಲ್ಲಿ ಕಂಡೆ ಎಂದು ಕೇಳಿ. ಜಾತ್ರೆಯಲ್ಲೋ ದೇವಸ್ಥಾನದಲ್ಲೋ ಕಂಡಿದ್ದರೆ ಅದು ಹೇಗೆ ನಿಂತಿತ್ತು, ಬಾಳೆಹಣ್ಣು ಹೇಗೆ ತೆಗೆದುಕೊಂಡಿತು ಎಂದು ಎದ್ದು ನಿಂತು ತೋರಿಸಲು ಹೇಳಿ. ಮಗುವಿನ ತೋಳೇ ಸೊಂಡಿಲಾಗಿ ಎರಡು ಸಲ ಬೀಸಿದ ಮೇಲೆ, ‘ಈಗ ಬೀಸಿದೆಯಲ್ಲ, ಅದನ್ನು ಹಾಳೆಯ ಮೇಲೆ ಬೀಸು’ ಎನ್ನಿ. ಬೇಕಿದ್ದರೆ ಪಕ್ಕದಲ್ಲಿ ಕುಳಿತು ನಿಮ್ಮ ಹಾಳೆಯ ಮೇಲೆ ನೀವು ಬೇರೇನನ್ನಾದರೂ ಬರೆಯಿರಿ, ಮಗುವಿನ ಹಾಳೆಯನ್ನು ಮುಟ್ಟಬೇಡಿ. ಬರುವ ಆನೆಗೆ ಕಿವಿ ಇರಲಿಕ್ಕಿಲ್ಲ, ಕಾಲು ಆರಿರಬಹುದು, ಕೆಲವೊಮ್ಮೆ ಇಡೀ ಆನೆಯೇ ಒಂದು ಉದ್ದ ಬಾಗಿದ ಗೆರೆಯಾಗಿರುತ್ತದೆ. ಹಾಳೆಯ ಹಿಂದೆ ಹೆಸರು, ತಾರೀಖು ಬರೆದು, ಬಾಳೆಹಣ್ಣಿನ ಕಥೆಯನ್ನು ಮಗು ಹೇಳಿದಂತೆಯೇ ಬರೆದು ಕಡತದಲ್ಲಿಡಿ.